3.3 ವೋಲ್ಟ್ ಬೋರ್ಡು, 5 ವೋಲ್ಟ್ ಸಾಧನ: ಲೆವೆಲ್ ಶಿಫ್ಟರ್ ಆರಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ “ಲೆವೆಲ್ ಶಿಫ್ಟರ್ ಕೊಡಿ” ಎಂದು ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಒಂದೇ ವಸ್ತು: ಎಚ್‌ವಿ (ಹೆಚ್ಚಿನ ವೋಲ್ಟೇಜ್), ಎಲ್‌ವಿ (ಕಡಿಮೆ ವೋಲ್ಟೇಜ್) ಎಂದು ಅಚ್ಚಾದ, ನಾಲ್ಕು ಚಾನೆಲ್ಲಿನ ಪುಟ್ಟ ಬೋರ್ಡು. ಲೆವೆಲ್ ಶಿಫ್ಟರ್ ಎಂದರೆ ಒಂದು ವೋಲ್ಟೇಜಿನ ಸಿಗ್ನಲ್ಲನ್ನು ಇನ್ನೊಂದು ವೋಲ್ಟೇಜಿಗೆ ಬದಲಿಸುವ ಸರ್ಕ್ಯೂಟು. ಕೆಲವು ಕೆಲಸಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಇನ್ನು ಕೆಲವಕ್ಕೆ ಆಗಿಬರುವುದೇ ಇಲ್ಲ. ಯಾವುದಕ್ಕೆ ಯಾವುದು ಎನ್ನುವುದು ವೋಲ್ಟೇಜಿಗಿಂತ ಹೆಚ್ಚಾಗಿ ಸಿಗ್ನಲ್ಲಿನ ಸ್ವಭಾವದ ಮೇಲೆ ನಿಂತಿದೆ. ಕಾಲೇಜು ಪ್ರಾಜೆಕ್ಟಿನವರು, ಪೀಣ್ಯದ ಸಣ್ಣ ಘಟಕಗಳಿಗೆ ಬೋರ್ಡು ಮಾಡಿಕೊಡುವವರು, ಮನೆಯಲ್ಲೇ ಏನಾದರೂ ಕಟ್ಟುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ನನಗೆ ಲೆವೆಲ್ ಶಿಫ್ಟರ್ ನಿಜಕ್ಕೂ ಬೇಕೇ?

ಮೊದಲು ಇದನ್ನೇ ಕೇಳಿಕೊಳ್ಳಿ. ಎಷ್ಟೋ ಸಲ ಉತ್ತರ “ಬೇಡ” ಎಂದೇ ಇರುತ್ತದೆ. ಡೇಟಾಶೀಟಿನಲ್ಲಿ, ಅಂದರೆ ಚಿಪ್ಪು ತಯಾರಿಸಿದವರು ಕೊಡುವ ವಿವರಪತ್ರದಲ್ಲಿ, ನೋಡಬೇಕಾದ್ದು ಮೂರು ಸಂಖ್ಯೆ. ಕಳುಹಿಸುವ ಚಿಪ್ಪಿನ ವಿಒಎಚ್, ಅಂದರೆ “1” ಎಂದಾಗ ಅದು ಕನಿಷ್ಠ ಎಷ್ಟು ವೋಲ್ಟ್ ಕೊಡುತ್ತದೆ. ಪಡೆಯುವ ಚಿಪ್ಪಿನ ವಿಐಎಚ್, ಅಂದರೆ “1” ಎಂದು ಒಪ್ಪಲು ಅದಕ್ಕೆ ಕನಿಷ್ಠ ಎಷ್ಟು ಬೇಕು. ಮೂರನೆಯದು ಪಡೆಯುವ ಪಿನ್ ತಡೆದುಕೊಳ್ಳುವ ಗರಿಷ್ಠ ವೋಲ್ಟೇಜ್. ಮೊದಲನೆಯದು ಎರಡನೆಯದಕ್ಕಿಂತ ಜಾಸ್ತಿ ಇದ್ದು, ಬರುವ ವೋಲ್ಟೇಜ್ ಮೂರನೆಯದನ್ನು ದಾಟದಿದ್ದರೆ ನೇರವಾಗಿ ವೈರ್ ಜೋಡಿಸಿ.

16×2 ಎಲ್‌ಸಿಡಿ ಒಳ್ಳೆಯ ಉದಾಹರಣೆ. ಅದರ ಎಚ್‌ಡಿ44780 ಕಂಟ್ರೋಲರ್ 5 ವೋಲ್ಟಿನಲ್ಲಿ ಓಡುವಾಗಲೂ 2.2 ವೋಲ್ಟನ್ನೇ “1” ಎಂದು ಒಪ್ಪುತ್ತದೆ. 3.3 ವೋಲ್ಟಿನ ಮೈಕ್ರೋಕಂಟ್ರೋಲರ್ ಇಎಸ್‌ಪಿ32 ಕೊಡುವುದು ಅದಕ್ಕಿಂತ ಜಾಸ್ತಿ. ಎಲ್‌ಸಿಡಿಯ ಆರ್‌ಡಬ್ಲ್ಯೂ (ಓದು-ಬರೆ) ಪಿನ್ನನ್ನು ಗ್ರೌಂಡಿಗೆ ಕಟ್ಟಿಬಿಟ್ಟರೆ ಅದು ಡೇಟಾ ಲೈನಿಗೆ ತಿರುಗಿ 5 ವೋಲ್ಟ್ ಬಿಡುವ ಪ್ರಶ್ನೆಯೇ ಇಲ್ಲ. ಶಿಫ್ಟರ್ ಬೇಡ. ಡಿಎಸ್18ಬಿ20 ತಾಪಮಾನ ಸಂವೇದಕ 3 ವೋಲ್ಟಿನಿಂದ 5.5ರವರೆಗೆ ಓಡುತ್ತದೆ, 3.3 ವೋಲ್ಟನ್ನೇ ಕೊಟ್ಟು, 4.7 ಕಿಲೋ ಓಮ್ ಪುಲ್‌ಅಪ್ಪನ್ನೂ (ಲೈನನ್ನು ಸಪ್ಲೈ ಕಡೆಗೆ ಎತ್ತಿ ಹಿಡಿಯುವ ರೆಸಿಸ್ಟರ್) ಅಲ್ಲಿಗೇ ಕಟ್ಟಿದರೆ ಮುಗಿಯಿತು. ಡಿಎಸ್3231 ಗಡಿಯಾರದ ಚಿಪ್ಪೂ ಅಷ್ಟೇ, 2.3 ವೋಲ್ಟಿನಿಂದಲೇ ಕೆಲಸ ಮಾಡುತ್ತದೆ. ಇಡೀ ಸರ್ಕ್ಯೂಟನ್ನು 3.3 ವೋಲ್ಟಿನಲ್ಲೇ ಓಡಿಸುವುದಾದರೆ ಅದಕ್ಕಿಂತ ಅಗ್ಗದ ಪರಿಹಾರ ಇನ್ನೊಂದಿಲ್ಲ.

5 ವೋಲ್ಟ್ ಆರ್ಡುಯಿನೋ ಊನೋಗೆ 3.3 ವೋಲ್ಟಿನ ಸಿಗ್ನಲ್ ಕೊಟ್ಟರೆ? ಅದರ ಎಟಿಮೆಗಾ 328ಪಿ ಸಾಮಾನ್ಯ ಪಿನ್ನಿಗೆ ಸಪ್ಲೈಯ 0.6 ಪಟ್ಟು, ಅಂದರೆ 3.0 ವೋಲ್ಟ್ ಬೇಕು. ಗಡಿಯ ಒಳಗೇ ಇದೆ, ಆದರೆ ಬರೀ 0.3 ವೋಲ್ಟಿನ ಅಂತರ. ಐ2ಸಿ (ಎರಡೇ ಲೈನಿನಲ್ಲಿ ಚಿಪ್ಪುಗಳು ಮಾತಾಡುವ ವಿಧಾನ) ಪಿನ್ನುಗಳಿಗಾದರೆ 0.7 ಪಟ್ಟು, ಅಂದರೆ 3.5 ವೋಲ್ಟ್ ಬೇಕು. ಅಲ್ಲಿ 3.3 ವೋಲ್ಟ್ ಕೆಲಸ ಮಾಡಿದರೂ ಅದು ನಿಮ್ಮ ಅದೃಷ್ಟ ಅಷ್ಟೇ.

5 ವೋಲ್ಟನ್ನು ನೇರವಾಗಿ ಕೊಟ್ಟಿದ್ದೇನೆ, ಏನೂ ಆಗಿಲ್ಲವಲ್ಲ?

ಈವರೆಗೆ ಆಗಿಲ್ಲ. ಬಹುತೇಕ 3.3 ವೋಲ್ಟ್ ಚಿಪ್ಪುಗಳಲ್ಲಿ ಪ್ರತಿ ಪಿನ್ನಿನಿಂದ ಸಪ್ಲೈಗೆ ಒಂದು ರಕ್ಷಣಾ ಡಯೋಡ್ ಇರುತ್ತದೆ. 5 ವೋಲ್ಟ್ ಬಂದಾಗ ಆ ಡಯೋಡ್ ತೆರೆದು, ಹೆಚ್ಚುವರಿ ಕರೆಂಟು 3.3 ವೋಲ್ಟ್ ಲೈನಿಗೆ ನುಗ್ಗುತ್ತದೆ. ಡಯೋಡ್ ಇರುವುದು ಸ್ಥಿರ ವಿದ್ಯುತ್ತಿನ ಕ್ಷಣಿಕ ಹೊಡೆತಕ್ಕೆ, ದಿನವಿಡೀ ಹೊರುವುದಕ್ಕಲ್ಲ. ಇಎಸ್‌ಪಿ32 ಮತ್ತು ರಾಸ್ಪ್‌ಬೆರಿ ಪೈ ಎರಡರ ಪಿನ್ನುಗಳೂ 3.3 ವೋಲ್ಟಿನವು, 5 ವೋಲ್ಟಿಗೆ ಮಾಡಿದವಲ್ಲ. ಎಸ್‌ಟಿಎಂ32ರಲ್ಲಿ ಮಾತ್ರ ಕೆಲವು ಪಿನ್ನುಗಳ ಮುಂದೆ ಡೇಟಾಶೀಟಿನಲ್ಲಿ “ಎಫ್‌ಟಿ” ಎಂಬ ಗುರುತಿರುತ್ತದೆ. ಅವು 5 ವೋಲ್ಟ್ ತಡೆದುಕೊಳ್ಳುತ್ತವೆ. ಪಕ್ಕದ ಪಿನ್ನಿಗೆ ಆ ಗುರುತು ಇಲ್ಲದಿರಬಹುದು, ಕೋಷ್ಟಕವನ್ನು ಪಿನ್ ಪಿನ್ನಾಗಿ ಓದಿ.

ಆಯ್ಕೆ ಎಲ್ಲಿಂದ ಶುರು ಮಾಡಲಿ?

ವೋಲ್ಟೇಜಿನಿಂದ ಅಲ್ಲ. ಮೊದಲು ಸಿಗ್ನಲ್ ಯಾವ ದಿಕ್ಕಿಗೆ ಹೋಗುತ್ತದೆ ನೋಡಿ. ಎಸ್‌ಪಿಐಯ (ನಾಲ್ಕು ಲೈನಿನ ವೇಗದ ಸಂಪರ್ಕ) ಕ್ಲಾಕ್, ಸೀರಿಯಲ್ಲಿನ ಟಿಎಕ್ಸ್ (ಕಳುಹಿಸುವ ಲೈನು), ಎಲ್‌ಇಡಿ ಪಟ್ಟಿಯ ಡೇಟಾ, ಇವೆಲ್ಲ ಒಂದೇ ದಿಕ್ಕಿನವು. ಐ2ಸಿ ಎರಡೂ ದಿಕ್ಕಿನದು. ಆಮೇಲೆ ಲೈನನ್ನು ಯಾರು ಮೇಲಕ್ಕೆತ್ತುತ್ತಾರೆ ನೋಡಿ. ಚಿಪ್ಪೇ ಮೇಲಕ್ಕೂ ಕೆಳಕ್ಕೂ ಎಳೆದರೆ ಅದು ಪುಷ್-ಪುಲ್. ಚಿಪ್ಪು ಕೆಳಕ್ಕೆ ಮಾತ್ರ ಎಳೆದು, ಮೇಲಕ್ಕೆ ಪುಲ್‌ಅಪ್ ರೆಸಿಸ್ಟರ್ ಎತ್ತಿದರೆ ಓಪನ್ ಡ್ರೈನ್. ವೇಗ ಮೂರನೆಯದು. ಇಷ್ಟು ಗೊತ್ತಾದರೆ ಐಸಿಗಳ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ.

“ದಿಕ್ಕನ್ನು ತಾನೇ ಗುರುತಿಸುತ್ತದೆ” ಎನ್ನುವ ಐಸಿಗಳನ್ನು ಎಲ್ಲದಕ್ಕೂ ಹಾಕುವ ರೂಢಿ ಬೆಳೆದಿದೆ. ನಮ್ಮ ಸಲಹೆ ಇದಕ್ಕೆ ಉಲ್ಟಾ: ದಿಕ್ಕು ಮೊದಲೇ ಗೊತ್ತಿದ್ದರೆ ದಿಕ್ಕು ನಿಶ್ಚಿತವಾದ ಬಫರನ್ನೇ (ಬಂದ ಸಿಗ್ನಲ್ಲನ್ನು ತನ್ನ ಸಪ್ಲೈಯ ಮಟ್ಟದಲ್ಲಿ ಮುಂದಕ್ಕೆ ಕಳುಹಿಸುವ ಐಸಿ) ಹಾಕಿ. ಐಸಿ ಊಹೆ ಮಾಡಬೇಕಾಗಿ ಬಂದಲ್ಲೆಲ್ಲ ಒಂದಲ್ಲ ಒಂದು ದಿನ ತಪ್ಪು ಊಹೆ ಮಾಡುತ್ತದೆ.

ಎರಡು ರೆಸಿಸ್ಟರ್ ಸಾಕಾಗುವುದಿಲ್ಲವೇ?

5ರಿಂದ 3.3ಕ್ಕೆ ಇಳಿಸಲು, ಒಂದೇ ದಿಕ್ಕು, ನಿಧಾನದ ಸಿಗ್ನಲ್ ಆದರೆ ಧಾರಾಳವಾಗಿ ಸಾಕು. ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸಂವೇದಕದ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ. ಎಕೋದಿಂದ 1.8ಕೆ (ಕಿಲೋ ಓಮ್), ಅಲ್ಲಿಂದ ಗ್ರೌಂಡಿಗೆ 3.3ಕೆ, ನಡುವಿನ ಬಿಂದು ಇಎಸ್‌ಪಿ32ಕ್ಕೆ: 3.24 ವೋಲ್ಟ್ ಬರುತ್ತದೆ. ಯುಎಸ್‌ಬಿ ಅಡಾಪ್ಟರ್ 5.25 ಕೊಟ್ಟರೂ 3.4 ದಾಟುವುದಿಲ್ಲ. ಮನೆಯಲ್ಲಿ 1ಕೆ ಮಾತ್ರ ಇದ್ದರೆ ಮೇಲೆ ಒಂದು, ಕೆಳಗೆ ಎರಡನ್ನು ಸಾಲಾಗಿ ಹಾಕಿ, 3.33 ವೋಲ್ಟ್.

ಬ್ಯಾಟರಿ ಉಳಿಸಲೆಂದು 10ಕೆ, 20ಕೆ ಹಾಕುವವರಿದ್ದಾರೆ. ತಪ್ಪಲ್ಲ, ಆದರೆ ವೇಗ ನೋಡಿಕೊಳ್ಳಿ. ಆ ಜೋಡಿ ಸಿಗ್ನಲ್ಲಿಗೆ 6.7ಕೆ ರೆಸಿಸ್ಟರಿನ ಹಾಗೆ ಕಾಣುತ್ತದೆ. ಪಿನ್ನು, ಬ್ರೆಡ್‌ಬೋರ್ಡು, ವೈರು ಸೇರಿ 20 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ ಎರಡರ ಗುಣಲಬ್ಧ ಸುಮಾರು 133 ನ್ಯಾನೋಸೆಕೆಂಡ್. 115200 ಬಾಡ್ ಸೀರಿಯಲ್ಲಿನಲ್ಲಿ ಒಂದು ಬಿಟ್ 8.7 ಮೈಕ್ರೋಸೆಕೆಂಡ್ ಇರುವುದರಿಂದ ಲೆಕ್ಕಕ್ಕೇ ಇಲ್ಲ. 8 ಮೆಗಾಹರ್ಟ್ಸ್ ಎಸ್‌ಪಿಐಯಲ್ಲಿ ಅರ್ಧ ಆವರ್ತವೇ 62.5 ನ್ಯಾನೋಸೆಕೆಂಡ್. ಸಿಗ್ನಲ್ ಅರ್ಧ ಏರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

3.3ರಿಂದ 5ಕ್ಕೆ ಏರಿಸಲು ರೆಸಿಸ್ಟರ್ ಜೋಡಿ ಯಾವ ಉಪಯೋಗಕ್ಕೂ ಬಾರದು.

3.3ರಿಂದ 5ಕ್ಕೆ ಏರಿಸಲು ಅತಿ ಸರಳ ದಾರಿ ಯಾವುದು?

74ಎಎಚ್‌ಸಿಟಿ125 ಅಥವಾ 74ಎಚ್‌ಸಿಟಿ125. “ಟಿ” ಅಕ್ಷರದಲ್ಲೇ ಗುಟ್ಟಿದೆ: 5 ವೋಲ್ಟಿನಲ್ಲಿ ಓಡುತ್ತಲೇ 2.0 ವೋಲ್ಟನ್ನು “1” ಎಂದೂ 0.8ಕ್ಕಿಂತ ಕೆಳಗಿನದನ್ನು “0” ಎಂದೂ ಓದುತ್ತದೆ. ಔಟ್‌ಪುಟ್ ಪೂರ್ತಿ 5 ವೋಲ್ಟ್. ಬ್ರೆಡ್‌ಬೋರ್ಡಿಗೆ ಹೊಂದುವ ಡಿಐಪಿ ಪ್ಯಾಕೇಜಿನಲ್ಲೂ ಬರುತ್ತದೆ.

ಜೋಡಣೆ: 14ನೇ ಪಿನ್ನಿಗೆ 5 ವೋಲ್ಟ್, 7ಕ್ಕೆ ಗ್ರೌಂಡ್, ಎರಡರ ನಡುವೆ ಐಸಿಗೆ ಅಂಟಿದ ಹಾಗೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ (ಮೇಲೆ 104 ಎಂದು ಬರೆದಿರುತ್ತದೆ). 1ನೇ ಪಿನ್ (ಬಫರನ್ನು ತೆರೆಯುವ ಎನೇಬಲ್ ಪಿನ್) ಗ್ರೌಂಡಿಗೆ, 2ಕ್ಕೆ ಒಳಗೆ ಬರುವ ಸಿಗ್ನಲ್, 3ರಿಂದ ಹೊರಗೆ. ಉಳಿದ ಮೂರು ಬಫರುಗಳ ಇನ್‌ಪುಟ್ 5, 9, 12 ಖಾಲಿ ಬಿಡಬೇಡಿ, ಗ್ರೌಂಡಿಗೆ ಕಟ್ಟಿ. ಅವುಗಳ ಎನೇಬಲ್ ಪಿನ್ 4, 10, 13ನ್ನು 5 ವೋಲ್ಟಿಗೆ. ಖಾಲಿ ಬಿಟ್ಟ ಸಿಮಾಸ್ ಇನ್‌ಪುಟ್ ಸುಮ್ಮನೆ ಕೂರುವುದಿಲ್ಲ, ಹತ್ತಿರ ಕೈ ತಂದರೂ ಅತ್ತಿತ್ತ ಆಡುತ್ತದೆ. ಐಸಿ ಬಿಸಿಯಾಗಿ, ಪಕ್ಕದ ಬಫರಿನಲ್ಲೂ ಗದ್ದಲ ಸೇರುತ್ತದೆ.

ಎಂಟು ಲೈನ್ ಬೇಕಿದ್ದರೆ 74ಎಚ್‌ಸಿಟಿ245: 20ನೇ ಪಿನ್ ಸಪ್ಲೈ, 10 ಗ್ರೌಂಡ್, 19 ಗ್ರೌಂಡಿಗೆ, ದಿಕ್ಕಿನ ಪಿನ್ 1ನ್ನು ಸಪ್ಲೈಗೆ ಕಟ್ಟಿದರೆ 2ರಿಂದ 9ರ ಕಡೆಯಿಂದ 18ರಿಂದ 11ರ ಕಡೆಗೆ ಹರಿಯುತ್ತದೆ. ಜೋಡಿಗಳು ನೇರ ಎದುರಿನ ಪಿನ್ನುಗಳಲ್ಲ, ಒಂದು ಪಿನ್ ಸರಿದಿರುತ್ತವೆ: 2ಕ್ಕೆ 18, 9ಕ್ಕೆ 11.

ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಎಲ್‌ಇಡಿ ಪಟ್ಟಿ ಮಾಡಿದ್ದೇವೆ. ಮನೆಯಲ್ಲಿ ಸರಿಯಿತ್ತು, ಪೆಂಡಾಲಿನಲ್ಲಿ ಬಣ್ಣ ಕುಣಿಯುತ್ತಿದೆ. ಯಾಕೆ?

ಡಬ್ಲ್ಯೂಎಸ್2812ಬಿ ಎಲ್‌ಇಡಿಗೆ “1” ಎಂದರೆ ಸಪ್ಲೈಯ 0.7 ಪಟ್ಟು, 5 ವೋಲ್ಟಿನಲ್ಲಿ 3.5. ಇಎಸ್‌ಪಿ32 ಕೊಡುವುದು 3.3. ಅಂದರೆ ಮೊದಲಿನಿಂದಲೂ ಅದು ಗಡಿಯ ಆಚೆಗೇ ಇತ್ತು. ಮನೆಯಲ್ಲಿ ಸಣ್ಣ ಅಡಾಪ್ಟರ್, ಎಲ್‌ಇಡಿಗಳ ಭಾರಕ್ಕೆ 4.6 ವೋಲ್ಟಿಗೆ ಜಗ್ಗಿತ್ತೆನ್ನಿ. ಆಗ ಬೇಕಿದ್ದು 3.22 ಮಾತ್ರ, ನಡೆದುಹೋಯಿತು. ಪೆಂಡಾಲಿಗೆ 10 ಆ್ಯಂಪಿನ ಗಟ್ಟಿ ಸಪ್ಲೈ ತಂದಿರಿ, 5 ವೋಲ್ಟ್ ನಿಜವಾಗಿ 5 ಆಯಿತು, ಸಿಗ್ನಲ್ ಸಾಲದಾಯಿತು. ಸಪ್ಲೈ ಒಳ್ಳೆಯದಾದಷ್ಟೂ ತೊಂದರೆ ಹೆಚ್ಚುವ ವಿಚಿತ್ರ ದೋಷ ಇದು.

ಪರಿಹಾರ ಮೇಲೆ ಹೇಳಿದ 125. ಅದನ್ನು ಇಎಸ್‌ಪಿ32ರ ಪಕ್ಕದಲ್ಲೇ ಇಟ್ಟು, ಔಟ್‌ಪುಟ್ಟಿನಲ್ಲಿ 330 ಓಮ್ ರೆಸಿಸ್ಟರ್ ಹಾಕಿ ಪಟ್ಟಿಗೆ ಕೊಡಿ. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿದ್ದರೆ ಒಂದು ಉಪಾಯವಿದೆ: ಪಟ್ಟಿಯ ಮೊದಲ ಎಲ್‌ಇಡಿಯನ್ನು ಕತ್ತರಿಸಿ ಬೇರೆ ಮಾಡಿ, ಅದರ ಸಪ್ಲೈಗೆ 1ಎನ್4001 ಡಯೋಡ್ ಸಾಲಾಗಿ ಹಾಕಿ. ಅದಕ್ಕೆ ಸುಮಾರು 4.3 ವೋಲ್ಟ್ ಸಿಗುತ್ತದೆ, ಬೇಕಾದ “1” ಸುಮಾರು 3.0ಕ್ಕೆ ಇಳಿಯುತ್ತದೆ. ಅದು ಮುಂದಕ್ಕೆ ಕಳುಹಿಸುವುದು 4.3 ವೋಲ್ಟಿನ ಸಿಗ್ನಲ್. ಮುಂದಿನವಕ್ಕೆ ಬೇಕಾದ 3.5ಕ್ಕಿಂತ ಜಾಸ್ತಿ. ಆ ಒಂದು ಎಲ್‌ಇಡಿಯೇ ನಿಮ್ಮ ಲೆವೆಲ್ ಶಿಫ್ಟರ್.

ಎಚ್‌ಸಿಟಿ ಕೇಳಿದೆ, ಎಚ್‌ಸಿ ಕೊಟ್ಟು “ಎರಡೂ ಒಂದೇ” ಎಂದರು. ಹೌದೇ?

ಅಲ್ಲ. 5 ವೋಲ್ಟಿನಲ್ಲಿ 74ಎಚ್‌ಸಿ ಕೂಡ 3.5 ವೋಲ್ಟ್ ಕೇಳುತ್ತದೆ. ಹಾಕಿದರೂ ಬಿಟ್ಟರೂ ಒಂದೇ. ಮೇಲಿನ ಅಚ್ಚು ಮಸುಕಾಗಿದ್ದರೆ, ಅನುಮಾನವಿದ್ದರೆ, ಐದು ನಿಮಿಷದಲ್ಲಿ ಪರೀಕ್ಷಿಸಬಹುದು. 125ಕ್ಕೆ ಮೇಲಿನಂತೆ 5 ವೋಲ್ಟ್ ಕೊಡಿ. 10ಕೆ ಪೊಟೆನ್ಷಿಯೋಮೀಟರಿನ ಎರಡು ತುದಿ 5 ವೋಲ್ಟಿಗೆ ಮತ್ತು ಗ್ರೌಂಡಿಗೆ, ನಡುವಿನ ಕಾಲು 2ನೇ ಪಿನ್ನಿಗೆ. 3ನೇ ಪಿನ್ನಿನಿಂದ 1ಕೆ ಮೂಲಕ ಒಂದು ಎಲ್‌ಇಡಿ. ಮಲ್ಟಿಮೀಟರನ್ನು 2ನೇ ಪಿನ್ನಿಗೆ ಹಿಡಿದು ಪೊಟೆನ್ಷಿಯೋಮೀಟರಿನ ನಾಬನ್ನು ಸೊನ್ನೆಯಿಂದ ಮೆಲ್ಲಗೆ ತಿರುಗಿಸಿ. 1.4 ವೋಲ್ಟಿನ ಆಸುಪಾಸಿನಲ್ಲಿ ಎಲ್‌ಇಡಿ ಹೊತ್ತಿದರೆ ಎಚ್‌ಸಿಟಿ. 2.5ರ ಹತ್ತಿರ ಹೊತ್ತಿದರೆ ಎಚ್‌ಸಿ, ವಾಪಸ್ ಕೊಡಿ.

5ರಿಂದ 3.3ಕ್ಕೆ ನಾಲ್ಕಾರು ವೇಗದ ಲೈನ್ ಇಳಿಸಬೇಕು. ಯಾವುದು?

74ಎಲ್‌ವಿಸಿ125 ಅಥವಾ 74ಎಲ್‌ವಿಸಿ245ನ್ನು 3.3 ವೋಲ್ಟಿನಲ್ಲಿ ಓಡಿಸಿ. ಅದರ ಇನ್‌ಪುಟ್ 5 ವೋಲ್ಟ್ ತಡೆಯುತ್ತದೆ, ಔಟ್‌ಪುಟ್ 3.3. 74ಎಎಚ್‌ಸಿ ಸರಣಿಯೂ ಇದೇ ಗುಣದ್ದು. ಸಾದಾ 74ಎಚ್‌ಸಿಯಲ್ಲಿ ಮಾತ್ರ ಇನ್‌ಪುಟ್‌ನಿಂದ ಸಪ್ಲೈಗೆ ಡಯೋಡ್ ಇದೆ, ಆ ಕೆಲಸಕ್ಕೆ ಬಾರದು. ಎಚ್‌ಸಿ ಸರಣಿಯಲ್ಲಿ 74ಎಚ್‌ಸಿ4050 ಒಂದು ಅಪವಾದ: ಸಪ್ಲೈಗಿಂತ ಹೆಚ್ಚಿನ ಇನ್‌ಪುಟ್ ತಡೆಯಲೆಂದೇ ಮಾಡಿದ್ದು. ಅದನ್ನು ಹಾಕುವಾಗ ಒಂದು ಎಚ್ಚರ. 16 ಪಿನ್ನಿನ ಐಸಿ ಆದರೂ ಸಪ್ಲೈ 16ನೇ ಪಿನ್ನಲ್ಲ, 1ನೇ ಪಿನ್, ಗ್ರೌಂಡ್ 8. ಅಭ್ಯಾಸಬಲದಿಂದ 16ಕ್ಕೆ ಕೊಟ್ಟು “ಐಸಿ ಸತ್ತಿದೆ” ಎನ್ನುವವರು ಬಹಳ. 16ಕ್ಕೆ ಒಳಗೆ ಏನೂ ಜೋಡಣೆಯೇ ಇಲ್ಲ.

ಐ2ಸಿಗೆ ಆ ನಾಲ್ಕು ಚಾನೆಲ್ಲಿನ ಪುಟ್ಟ ಬೋರ್ಡು ಸರಿಯೇ?

ಹೌದು, ಅದು ಹುಟ್ಟಿದ್ದೇ ಇದಕ್ಕೆ. ಪ್ರತಿ ಚಾನೆಲ್ಲಿನಲ್ಲಿ ಒಂದು ಬಿಎಸ್‌ಎಸ್138 ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್; ಅದರ ಮೂರು ಕಾಲು ಗೇಟ್, ಸೋರ್ಸ್, ಡ್ರೈನ್), ಎರಡು 10ಕೆ ಪುಲ್‌ಅಪ್. ಗೇಟ್ 3.3 ವೋಲ್ಟಿಗೆ, ಸೋರ್ಸ್ 3.3ರ ಲೈನಿಗೆ, ಡ್ರೈನ್ 5ರ ಲೈನಿಗೆ. ಯಾರೂ ಎಳೆಯದಿದ್ದಾಗ ಎರಡೂ ಬದಿ ತಂತಮ್ಮ ಪುಲ್‌ಅಪ್ಪಿನಿಂದ ಮೇಲಿರುತ್ತವೆ. 3.3ರ ಕಡೆಯವರು ಕೆಳಗೆಳೆದರೆ ಗೇಟಿಗೂ ಸೋರ್ಸಿಗೂ ಅಂತರ ಬಂದು ಮಾಸ್‌ಫೆಟ್ ತೆರೆದು 5ರ ಕಡೆಯನ್ನೂ ಕೆಳಗೆಳೆಯುತ್ತದೆ. 5ರ ಕಡೆಯವರು ಎಳೆದರೆ ಮೊದಲು ಮಾಸ್‌ಫೆಟ್ ಒಳಗಿನ ಡಯೋಡ್ ಸೋರ್ಸನ್ನು ಕೆಳಗಿಳಿಸುತ್ತದೆ, ಆಮೇಲೆ ಮಾಸ್‌ಫೆಟ್ ಪೂರ್ತಿ ತೆರೆಯುತ್ತದೆ. ಊಹೆ ಇಲ್ಲ, ದಿಕ್ಕಿನ ಪಿನ್ ಇಲ್ಲ. ಚೊಕ್ಕ ಸರ್ಕ್ಯೂಟು.

ಕೆಳಗಿಳಿಸುವುದು ಮಾಸ್‌ಫೆಟ್, ಹಾಗಾಗಿ ಇಳಿಯುವ ಅಂಚು ನೆಟ್ಟಗಿರುತ್ತದೆ. ಮೇಲೆತ್ತುವುದು ಬರೀ ರೆಸಿಸ್ಟರ್. ಆಸಿಲ್ಲೋಸ್ಕೋಪಿನಲ್ಲಿ ನೋಡಿದರೆ ಏರುವ ಅಂಚು ಗೋಡೆಯ ಹಾಗೆ ನಿಲ್ಲದೆ ಗುಡ್ಡದ ಏರಿನ ಹಾಗೆ ಬಾಗಿರುತ್ತದೆ. ಲೆಕ್ಕ ಹಾಕಿ ನೋಡೋಣ. ಸಿಗ್ನಲ್ ಶೇ. 30ರಿಂದ 70ಕ್ಕೆ ಏರಲು ಬೇಕಾದ ಸಮಯ ರೆಸಿಸ್ಟರ್ ಗುಣಿಸು ಕೆಪಾಸಿಟೆನ್ಸ್, ಅದರ 0.85 ಪಟ್ಟು. ಒಂದು ಬದಿಯಲ್ಲಿ 10ಕೆ, 100 ಪಿಕೋಫ್ಯಾರಡ್ ಇದ್ದರೆ 850 ನ್ಯಾನೋಸೆಕೆಂಡ್. 100 ಕಿಲೋಹರ್ಟ್ಸ್ ಐ2ಸಿಗೆ ಮಿತಿ 1000, ಪಾಸು. 400 ಕಿಲೋಹರ್ಟ್ಸಿಗೆ ಮಿತಿ 300, ಫೇಲು.

ಹಾಗಾದರೆ ಪುಲ್‌ಅಪ್ ಇಳಿಸೋಣ ಎಂದು ಎರಡೂ ಬದಿ 2.2ಕೆ ಹಾಕಿದರೆ ಸಮಯ 190ಕ್ಕೆ ಇಳಿಯುತ್ತದೆ, ಆದರೆ ಕೆಳಗೆಳೆಯುವ ಚಿಪ್ಪು ಎರಡೂ ಬದಿಯ ಕರೆಂಟನ್ನು ಹೊರಬೇಕು: 5 ವೋಲ್ಟಿನಿಂದ 2.3 ಮಿಲಿಆ್ಯಂಪ್, 3.3ರಿಂದ 1.5, ಒಟ್ಟು 3.8. ಐ2ಸಿ ನಿಯಮ ಖಾತರಿ ಕೊಡುವುದು 3 ಮಿಲಿಆ್ಯಂಪಿಗೆ. 3.3ಕೆ ಹಾಕಿದರೆ ಒಟ್ಟು 2.5 ಮಿಲಿಆ್ಯಂಪ್, ಸಮಯ 280 ನ್ಯಾನೋಸೆಕೆಂಡ್. ಎರಡೂ ಮಿತಿಯೊಳಗೆ. 3.3-5 ಜೋಡಿಗೆ 400 ಕಿಲೋಹರ್ಟ್ಸಿನಲ್ಲಿ ಪ್ರತಿ ಬದಿಯಲ್ಲೂ ಒಟ್ಟು 3.3ಕೆ ಎನ್ನುವುದನ್ನು ಹೀಗೆ ನೆನಪಿಡಬಹುದು.

“ಒಟ್ಟು” ಎಂದದ್ದು ಬೇಕೆಂದೇ. ಸಂವೇದಕದ ಪ್ರತಿ ಬೋರ್ಡಿನ ಮೇಲೂ 4.7ಕೆ ಅಥವಾ 10ಕೆ ಪುಲ್‌ಅಪ್ ಮೊದಲೇ ಇರುತ್ತದೆ. 10ಕೆ ಇರುವ ನಾಲ್ಕು ಬೋರ್ಡು ಒಂದೇ ಲೈನಿಗೆ ಸೇರಿದರೆ 2.5ಕೆ ಆಗಿಬಿಟ್ಟಿರುತ್ತದೆ. ಹೊಸದನ್ನು ಹಾಕುವ ಮೊದಲು, ಪವರ್ ತೆಗೆದು, ಎಸ್‌ಡಿಎಯಿಂದ (ಐ2ಸಿಯ ಡೇಟಾ ಲೈನು; ಎಸ್‌ಸಿಎಲ್ ಅದರ ಕ್ಲಾಕ್) ಸಪ್ಲೈಗೆ ಓಮ್ ಅಳೆದು ನೋಡಿ.

ಐ2ಸಿ ಸ್ಕ್ಯಾನರಿಗೆ ಸಂವೇದಕ ಕಾಣುವುದೇ ಇಲ್ಲ. ಶಿಫ್ಟರ್ ಕೆಟ್ಟಿದೆಯೇ?

ಮಲ್ಟಿಮೀಟರಿನಿಂದ ನಾಲ್ಕು ಜಾಗ ಅಳೆಯಿರಿ: ಎರಡೂ ಬದಿಯ ಎಸ್‌ಡಿಎ ಮತ್ತು ಎಸ್‌ಸಿಎಲ್, ಬಸ್ ಸುಮ್ಮನಿರುವಾಗ. ಒಂದು ಬದಿ 3.3, ಇನ್ನೊಂದು ಬದಿ 5 ಇರಲೇಬೇಕು. ಎಲ್‌ವಿ ಪಿನ್ನಿಗೆ ಸಪ್ಲೈ ಕೊಡುವುದನ್ನು ಮರೆತಿರುವುದು, ಎರಡು ಬೋರ್ಡಿನ ಗ್ರೌಂಡ್ ಸೇರಿಸದಿರುವುದು, ಎಚ್‌ವಿ-ಎಲ್‌ವಿ ಅದಲುಬದಲಾಗಿರುವುದು, ಬಹುತೇಕ ದೂರುಗಳು ಇವಿಷ್ಟರಲ್ಲೇ ಮುಗಿಯುತ್ತವೆ.

1.8 ವೋಲ್ಟ್ ಕಂಡರೆ ಬೇರೆ ಕಥೆ. ಎಂಎಎಕ್ಸ್30102 ನಾಡಿಮಿಡಿತ ಸಂವೇದಕದ ಕೆಲವು ಅಗ್ಗದ ಬೋರ್ಡುಗಳಲ್ಲಿ ಪುಲ್‌ಅಪ್ಪನ್ನು ಒಳಗಿನ 1.8 ವೋಲ್ಟಿಗೆ ಕಟ್ಟಿರುತ್ತಾರೆ. ಇಎಸ್‌ಪಿ32ಕ್ಕೆ “1” ಎನ್ನಲು ಸುಮಾರು 2.5 ವೋಲ್ಟ್ ಬೇಕು, ಹಾಗಾಗಿ ಅದು ಕಾಯುತ್ತಲೇ ಇರುತ್ತದೆ. ಇಲ್ಲಿ ಶಿಫ್ಟರ್ ಬೇಡ. ಆ ಪುಲ್‌ಅಪ್ ರೆಸಿಸ್ಟರುಗಳನ್ನು ಬೆಸುಗೆ ಬಿಚ್ಚಿ ತೆಗೆದು, ಹೊರಗಿನಿಂದ 4.7ಕೆಯನ್ನು 3.3 ವೋಲ್ಟಿಗೆ ಕಟ್ಟಿ. ಚಿಪ್ಪಿನ ಐ2ಸಿ ಪಿನ್ನುಗಳು ಅದನ್ನು ತಡೆಯುತ್ತವೆ.

ಅದೇ ಬೋರ್ಡನ್ನು ಎಸ್‌ಪಿಐಗೆ ಹಾಕಬಹುದೇ?

ಬೇಡ. 10ಕೆ, 30 ಪಿಕೋಫ್ಯಾರಡ್ ಎಂದರೂ 300 ನ್ಯಾನೋಸೆಕೆಂಡ್. 8 ಮೆಗಾಹರ್ಟ್ಸ್ ಕ್ಲಾಕ್ ಅಲ್ಲಿ ತಲೆ ಎತ್ತುವುದೇ ಇಲ್ಲ. ಎಸ್‌ಪಿಐಯ ನಾಲ್ಕೂ ಲೈನ್ ಒಂದೊಂದೇ ದಿಕ್ಕಿನವು. ಮೂರಕ್ಕೆ ಎಚ್‌ಸಿಟಿ ಬಫರ್, ತಿರುಗಿ ಬರುವ ಒಂದಕ್ಕೆ ಎಲ್‌ವಿಸಿ ಬಫರ್.

ಟಿಎಕ್ಸ್‌ಬಿ0108 ಮತ್ತು ಟಿಎಕ್ಸ್‌ಎಸ್0108ಇ, ಒಂದೆರಡು ಅಕ್ಷರದ ವ್ಯತ್ಯಾಸ. ಯಾವುದು ತೆಗೆದುಕೊಳ್ಳಲಿ?

ಎರಡೂ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯವು, ಎರಡೂ ದಿಕ್ಕನ್ನು ತಾವೇ ಗುರುತಿಸುತ್ತವೆ, ಎಂಟು ಚಾನೆಲ್. ಒಳಗಿನ ಕೆಲಸ ಬೇರೆ.

ಟಿಎಕ್ಸ್‌ಬಿ ಪುಷ್-ಪುಲ್ ಸಿಗ್ನಲ್ಲಿಗೆ. ಅಂಚು ಬಂದಾಗ ಕ್ಷಣಕಾಲ ಜೋರಾಗಿ ತಳ್ಳುತ್ತದೆ, ಆಮೇಲೆ 4ಕೆ ಮೂಲಕ ಮೆಲ್ಲಗೆ ಹಿಡಿದಿರುತ್ತದೆ, ಎದುರು ಬದಿಯವರು ದಿಕ್ಕು ಬದಲಿಸಬೇಕೆಂದರೆ ಸುಲಭವಾಗಿ ಮಣಿಯಲಿ ಎಂದು. ಈ ಮೃದುತನವೇ ಅದರ ದೌರ್ಬಲ್ಯ. ಐ2ಸಿಗೆ ಹಾಕಿ, ಲೈನಿನಲ್ಲಿ 5 ವೋಲ್ಟಿಗೆ 4.7ಕೆ ಪುಲ್‌ಅಪ್ ಇದೆ ಎನ್ನಿ. “0” ಎಂದು ಹಿಡಿಯಲು ಹೊರಟ 4ಕೆ, ಮೇಲಕ್ಕೆಳೆಯುವ 4.7ಕೆ, ನಡುವೆ ನಿಲ್ಲುವುದು 2.3 ವೋಲ್ಟ್. ಸೊನ್ನೆಯೂ ಅಲ್ಲ, ಒಂದೂ ಅಲ್ಲ. ಹೊರಗಿನ ಪುಲ್‌ಅಪ್ 50ಕೆಗಿಂತ ಜಾಸ್ತಿ ಇರಬೇಕು ಎಂದು ಡೇಟಾಶೀಟ್ ಹೇಳುವುದು ಇದಕ್ಕೇ: 50ಕೆ ಆದರೆ 0.37 ವೋಲ್ಟ್, ಅದು ಸರಿಯಾದ ಸೊನ್ನೆ. ಸಂವೇದಕದ ಬೋರ್ಡಿನ ಮೇಲೆ ಅಡಗಿ ಕೂತ 10ಕೆ ಕೂಡ ಇಲ್ಲಿ ಶತ್ರು.

ಟಿಎಕ್ಸ್‌ಎಸ್ ಓಪನ್ ಡ್ರೈನ್ ಸಿಗ್ನಲ್ಲಿಗೂ ಆಗುತ್ತದೆ. ಪುಲ್‌ಅಪ್ ಒಳಗೇ ಇದೆ, ಏರುವ ಅಂಚಿಗೆ ಒಂದು ಚುರುಕು ನೂಕು ಕೊಡುತ್ತದೆ. 400 ಕಿಲೋಹರ್ಟ್ಸ್ ಐ2ಸಿಗೆ ಧಾರಾಳ.

ಎರಡರಲ್ಲೂ ಕಡಿಮೆ ವೋಲ್ಟೇಜು ಎ ಬದಿಗೇ, ಗರಿಷ್ಠ 3.6, ಹೆಚ್ಚಿನದು ಬಿ ಬದಿಗೆ, 5.5ರವರೆಗೆ. ಉಲ್ಟಾ ಮಾಡಿದರೆ ಐಸಿ ಹೋಗಬಹುದು. ಒಇ (ಔಟ್‌ಪುಟ್ ಎನೇಬಲ್) ಪಿನ್ ಖಾಲಿ ಬಿಟ್ಟಿದ್ದರೆ “ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ” ಎನ್ನುವ ದೂರು ಖಂಡಿತ. ಅದನ್ನು 10ಕೆ ಮೂಲಕ ಗ್ರೌಂಡಿಗೆ ಕಟ್ಟಿ, ಎರಡೂ ಸಪ್ಲೈ ನಿಂತ ಮೇಲೆ ಮೈಕ್ರೋಕಂಟ್ರೋಲರಿನಿಂದ ಮೇಲೆತ್ತಿ. ಎ ಬದಿಯ ವೋಲ್ಟೇಜಿಗಿಂತ ಹೆಚ್ಚು ಕೊಡಬೇಡಿ.

ಉದ್ದ ವೈರು ಇವೆರಡಕ್ಕೂ ಆಗಿಬರುವುದಿಲ್ಲ. ಬ್ರೆಡ್‌ಬೋರ್ಡಿನಲ್ಲಿ ಒಂದಡಿ ಜಂಪರ್ ವೈರಿನ ತುದಿಯಿಂದ ತಿರುಗಿ ಬಂದ ಸಿಗ್ನಲ್ಲಿನ ಅಲೆಯನ್ನು ಐಸಿ “ಅಲ್ಲಿಂದ ಯಾರೋ ಕಳುಹಿಸಿದರು” ಎಂದು ತಿಳಿದು ವಾಪಸ್ ತಳ್ಳುತ್ತದೆ. ಅಲ್ಲಿಗೆ ಶುರುವಾಯಿತು ಹಗ್ಗಜಗ್ಗಾಟ. ಲೈನು ತಾನಾಗಿ ಮೆಗಾಹರ್ಟ್ಸುಗಟ್ಟಲೆ ಅಲುಗಾಡುತ್ತದೆ. ಎಲ್‌ಇಡಿ ಪಟ್ಟಿಗೆ, ಪ್ಯಾನೆಲ್ಲಿನ ಉದ್ದ ಕೇಬಲ್ಲಿಗೆ ಇವನ್ನು ಹಾಕಲೇಬೇಡಿ.

4ಜಿ ಮೋಡೆಮಿನ ಸೀರಿಯಲ್ 1.8 ವೋಲ್ಟ್. ಏನು ಮಾಡಲಿ?

ಸಿಮ್7600, ಇಸಿ25 ಮುಂತಾದವುಗಳ ಸೀರಿಯಲ್ ಪಿನ್ 1.8 ವೋಲ್ಟಿನದು. ಬಿಎಸ್‌ಎಸ್138 ಇಲ್ಲಿ ಕೈಕೊಡುತ್ತದೆ: ಅದು ತೆರೆಯಲು 0.8ರಿಂದ 1.5 ವೋಲ್ಟ್ ಬೇಕು. ಒಂದು ಚೀಲದಿಂದ ತೆಗೆದದ್ದು ಓಡಬಹುದು, ಮುಂದಿನ ಚೀಲದ್ದು ಓಡದಿರಬಹುದು. ಇದಕ್ಕೆ 74ಎಲ್‌ವಿಸಿ1ಟಿ45 ಸರಿಯಾದ ಐಸಿ: ಎರಡು ಸಪ್ಲೈ, ಎರಡೂ 1.65ರಿಂದ 5.5ರವರೆಗೆ, ಯಾವುದು ಹೆಚ್ಚಾದರೂ ಪರವಾಗಿಲ್ಲ. ಪಿನ್ 1 ಎ ಸಪ್ಲೈ, 2 ಗ್ರೌಂಡ್, 3 ಎ, 4 ಬಿ, 5 ದಿಕ್ಕು, 6 ಬಿ ಸಪ್ಲೈ. ದಿಕ್ಕಿನ ಪಿನ್ನನ್ನು ಎ ಸಪ್ಲೈಗೆ ಕಟ್ಟಿದರೆ ಎಯಿಂದ ಬಿಗೆ, ಗ್ರೌಂಡಿಗೆ ಕಟ್ಟಿದರೆ ಬಿಯಿಂದ ಎಗೆ.

ಟಿಎಕ್ಸ್, ಆರ್‌ಎಕ್ಸ್ ಎರಡು ಲೈನಿದೆಯಲ್ಲ ಎಂದು 2ಟಿ45 ತರಬೇಡಿ. ಅದರಲ್ಲಿ ಎರಡು ಲೈನಿಗೂ ಸೇರಿ ದಿಕ್ಕಿನ ಪಿನ್ ಒಂದೇ. ಎರಡು 1ಟಿ45 ತನ್ನಿ. 1.8 ವೋಲ್ಟನ್ನು ಬೇರೆ ರೆಗ್ಯುಲೇಟರಿನಿಂದ ತರುವ ಬದಲು ಮೋಡೆಮೇ ಹೊರಗೆ ಕೊಡುವ 1.8 ವೋಲ್ಟ್ ಪಿನ್ನಿನಿಂದ ತೆಗೆದುಕೊಳ್ಳಿ. ಮೋಡೆಮ್ ಆರಿದಾಗ ಐಸಿಯ ಆ ಬದಿಯೂ ಆರಿ, ಆರಿದ ಮೋಡೆಮಿಗೆ ಸಿಗ್ನಲ್ ಲೈನಿನಿಂದ ಕರೆಂಟು ನುಗ್ಗುವುದು ತಪ್ಪುತ್ತದೆ.

ಪವರ್ ತೆಗೆದರೂ ಬೋರ್ಡಿನ ಎಲ್‌ಇಡಿ ಮಂಕಾಗಿ ಉರಿಯುತ್ತಿದೆ. ದೆವ್ವವೇ?

ಮೇಲೆ ಹೇಳಿದ ರಕ್ಷಣಾ ಡಯೋಡೇ. ಒಂದು ಬೋರ್ಡಿಗೆ ಪವರ್ ಇದೆ, ಇನ್ನೊಂದಕ್ಕಿಲ್ಲ. ಸೀರಿಯಲ್ ಲೈನು ಸುಮ್ಮನಿದ್ದಾಗ ಮೇಲೇ ಇರುವುದರಿಂದ ಅದರ ಮೂಲಕ ಆರಿದ ಬೋರ್ಡಿಗೆ ಕರೆಂಟು ಸೋರುತ್ತದೆ. ಇದರಿಂದ ಚಿಪ್ಪು ಅರೆಜೀವದಲ್ಲಿದ್ದು, ಪವರ್ ಕೊಟ್ಟಾಗ ಸರಿಯಾಗಿ ರೀಸೆಟ್ ಆಗುವುದಿಲ್ಲ. “ಎರಡು ಸಲ ಆನ್-ಆಫ್ ಮಾಡಿದರೆ ಸರಿಹೋಗುತ್ತೆ” ಎನ್ನುವ ಬೋರ್ಡುಗಳಲ್ಲಿ ಇದನ್ನೇ ಮೊದಲು ನೋಡಿ. ಡೇಟಾಶೀಟಿನಲ್ಲಿ “ಐ ಆಫ್” ಸೌಲಭ್ಯ (ಸಪ್ಲೈ ಇಲ್ಲದಾಗ ಪಿನ್ನಿನಿಂದ ಕರೆಂಟು ಒಳಗೆ ಬಿಡದಿರುವುದು) ಇದೆ ಎಂದು ಬರೆದಿರುವ ಐಸಿ ಆರಿಸಿ, 74ಎಲ್‌ವಿಸಿ1ಟಿ45ರಲ್ಲಿ ಅದಿದೆ.

ಎಸ್‌ಡಿ ಕಾರ್ಡ್ ಬೋರ್ಡು ಹಾಕಿದ ಮೇಲೆ ಎಸ್‌ಪಿಐ ಡಿಸ್‌ಪ್ಲೇ, ಸಂವೇದಕ ಎಲ್ಲ ಕೆಟ್ಟವು. ಯಾಕೆ?

ಅಗ್ಗದ ಎಸ್‌ಡಿ ಬೋರ್ಡುಗಳಲ್ಲಿ ಒಂದು ಎಲ್‌ವಿಸಿ125 ಇರುತ್ತದೆ. ಅದರ ನಾಲ್ಕೂ ಬಫರುಗಳನ್ನು ಸದಾ ತೆರೆದೇ ಇಟ್ಟಿರುತ್ತಾರೆ, ಕಾರ್ಡಿನಿಂದ ತಿರುಗಿ ಬರುವ ಮಿಸೋ ಲೈನನ್ನೂ. ಕಾರ್ಡ್ ಸುಮ್ಮನಿದ್ದರೂ ಬಫರ್ ಲೈನು ಬಿಡುವುದಿಲ್ಲ, ಬೇರೆಯವರ ಮಾತು ಕೇಳಿಸುವುದಿಲ್ಲ. ಮಿಸೋ ಬಫರಿನ ಎನೇಬಲ್ ಪಿನ್ನನ್ನು ಗ್ರೌಂಡಿನಿಂದ ಬಿಡಿಸಿ ಕಾರ್ಡಿನ ಸಿಎಸ್ ಲೈನಿಗೆ (ಮಾತಾಡಬೇಕಾದ ಚಿಪ್ಪನ್ನು ಆರಿಸುವ ಲೈನು) ಸೇರಿಸಿ. ಎರಡೂ “0”ಗೆ ಎಚ್ಚರವಾಗುವ ಪಿನ್ನುಗಳು, ಒಂದು ವೈರಿನಲ್ಲಿ ಕೆಲಸ ಮುಗಿಯುತ್ತದೆ.

ಇಎಸ್‌ಪಿ32 ಬಳಸುವವರು ಈ ಬೋರ್ಡನ್ನೇ ಕೊಳ್ಳಬೇಡಿ. ಎರಡೂ ಕಡೆ 3.3 ವೋಲ್ಟ್, ಶಿಫ್ಟರಿನ ಅಗತ್ಯವೇ ಇಲ್ಲ. ಜೊತೆಗೆ ಅದರ ಮೇಲಿನ ಎಎಂಎಸ್1117 ರೆಗ್ಯುಲೇಟರ್ ಸುಮಾರು 1 ವೋಲ್ಟ್ ನುಂಗುತ್ತದೆ, 3.3 ಕೊಟ್ಟರೆ ಕಾರ್ಡಿಗೆ 2.3 ಮಾತ್ರ. ಬರೀ ಸಾಕೆಟ್ ಇರುವ ಬೋರ್ಡು ಕೇಳಿ.

ಪೀಣ್ಯದ ಒಂದು ಯಂತ್ರದ 24 ವೋಲ್ಟ್ ಸಿಗ್ನಲ್ ಓದಬೇಕು. ರೆಸಿಸ್ಟರ್ ಜೋಡಿ ಸಾಕೇ?

ಕಾಗದದ ಮೇಲೆ ಸಾಕು, ಶಾಪ್ ಫ್ಲೋರಿನಲ್ಲಿ ಸಾಲದು. ಕಾಂಟ್ಯಾಕ್ಟರ್ (ದೊಡ್ಡ ಕರೆಂಟಿನ ರಿಲೇ) ಬಿದ್ದಾಗಲೆಲ್ಲ ಅದೇ ಗ್ರೌಂಡಿನಲ್ಲಿ ಏಳುವ ಹೊಡೆತ ನೇರವಾಗಿ ಮೈಕ್ರೋಕಂಟ್ರೋಲರಿಗೆ ಬರುತ್ತದೆ. ಪಿಸಿ817 ಆಪ್ಟೋಕಪ್ಲರ್ (ಸಿಗ್ನಲ್ಲನ್ನು ಬೆಳಕಿನ ಮೂಲಕ ದಾಟಿಸುವ ಐಸಿ) ಹಾಕಿ ಎರಡು ಗ್ರೌಂಡನ್ನೂ ಬೇರೆಯಾಗಿಡಿ. 24 ವೋಲ್ಟಿನಿಂದ 4.7ಕೆ ಮೂಲಕ ಅದರ ಎಲ್‌ಇಡಿಗೆ. ಕರೆಂಟು ಸುಮಾರು 4.9 ಮಿಲಿಆ್ಯಂಪ್, ರೆಸಿಸ್ಟರಿನಲ್ಲಿ 0.11 ವ್ಯಾಟ್, ಕಾಲು ವ್ಯಾಟಿನದು ಸಾಕು. 2.2ಕೆ ಹಾಕಿದರೆ 0.24 ವ್ಯಾಟ್ ಆಗಿ ಅದೇ ರೆಸಿಸ್ಟರ್ ಬೆರಳು ಸುಡುತ್ತದೆ. ಎಲ್‌ಇಡಿಗೆ ಅಡ್ಡಲಾಗಿ, ಉಲ್ಟಾ ದಿಕ್ಕಿಗೆ, ಒಂದು 1ಎನ್4148; ಯಾರಾದರೂ ವೈರು ಅದಲುಬದಲು ಮಾಡಿದಾಗ ಉಳಿಸುತ್ತದೆ. ಮೈಕ್ರೋಕಂಟ್ರೋಲರಿನ ಬದಿಯಲ್ಲಿ ಕಲೆಕ್ಟರಿನಿಂದ 3.3 ವೋಲ್ಟಿಗೆ 10ಕೆ, ಎಮಿಟರ್ ಗ್ರೌಂಡಿಗೆ. ಸಿಗ್ನಲ್ ಉಲ್ಟಾ ಆಗುತ್ತದೆ: 24 ಬಂದಾಗ “0”. ಪ್ರಾಕ್ಸಿಮಿಟಿ ಸ್ವಿಚ್ಚಿಗೆ, ಲಿಮಿಟ್ ಸ್ವಿಚ್ಚಿಗೆ ಸಾಕು. ಎನ್‌ಕೋಡರಿನ ವೇಗಕ್ಕೆ ಪಿಸಿ817 ಸಾಲದು, 6ಎನ್137 ಬೇಕು.

ಹಳೆಯ ಯಂತ್ರದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಆದರೆ ಅದು ಬೇರೆಯೇ ಜಾತಿ. ಆರ್‌ಎಸ್-232ರಲ್ಲಿ “1” ಎಂದರೆ ಮೈನಸ್ ವೋಲ್ಟೇಜ್. ಈ ಪುಟದ ಯಾವ ಐಸಿಯೂ ಆಗದು. ಎಂಎಎಕ್ಸ್3232 ತಂದು 3.3 ವೋಲ್ಟಿನಲ್ಲಿ ಓಡಿಸಿ. ಹೆಸರು ಹತ್ತಿರವಿರುವ ಎಂಎಎಕ್ಸ್232 5 ವೋಲ್ಟಿನದು.

ಆಸಿಲ್ಲೋಸ್ಕೋಪ್ ಇಲ್ಲ, ಅಗ್ಗದ ಲಾಜಿಕ್ ಅನಲೈಸರ್ ಇದೆ. ಅದರಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ, ಆದರೂ ಓಡುವುದಿಲ್ಲ.

ಲಾಜಿಕ್ ಅನಲೈಸರ್ ತನ್ನದೇ ಗಡಿಗೆ ತಕ್ಕಂತೆ 0 ಅಥವಾ 1 ಎಂದಷ್ಟೇ ಹೇಳುತ್ತದೆ. 2.3 ವೋಲ್ಟಿನ ಅರೆಬರೆ ಸಿಗ್ನಲ್ಲೂ ಅದರ ಪರದೆಯ ಮೇಲೆ ನೆಟ್ಟಗೆ ನಿಂತ “1” ಆಗಿಯೇ ಕಾಣುತ್ತದೆ. ಅದಕ್ಕಿಂತ ಒಂದು ಪ್ರಯೋಗ ಮಾಡಿ: ವೇಗ ಇಳಿಸಿ. ಐ2ಸಿಯನ್ನು 400ರಿಂದ 100ಕ್ಕೆ, ಎಸ್‌ಪಿಐಯನ್ನು 8 ಮೆಗಾಹರ್ಟ್ಸಿನಿಂದ 500 ಕಿಲೋಹರ್ಟ್ಸಿಗೆ. ಸರಿಹೋದರೆ ಏರುವ ಅಂಚು ನಿಧಾನ. ಪುಲ್‌ಅಪ್ ಅಥವಾ ಐಸಿ ಬದಲಿಸಿ. ವೇಗ ಇಳಿಸಿದರೂ ಹಾಗೇ ಇದ್ದರೆ ವೋಲ್ಟೇಜ್ ಮಟ್ಟದ್ದೇ ತೊಂದರೆ. ಪ್ರೋಗ್ರಾಮಿನಲ್ಲಿ ಆ ಪಿನ್ನನ್ನು ಹತ್ತು ಸೆಕೆಂಡ್ “0”, ಹತ್ತು ಸೆಕೆಂಡ್ “1” ಹಿಡಿದಿಟ್ಟು, ಶಿಫ್ಟರಿನ ಆಚೆ ಬದಿಯಲ್ಲಿ ಮಲ್ಟಿಮೀಟರಿನಿಂದ ಅಳೆಯಿರಿ. 0.4ಕ್ಕಿಂತ ಕೆಳಗೆ ಇಳಿಯದ “0” ಕಂಡರೆ ಯಾವುದೋ ಪುಲ್‌ಅಪ್ ಜಗಳವಾಡುತ್ತಿದೆ. ಒಂದೊಂದೇ ಬೋರ್ಡು ಬಿಚ್ಚುತ್ತಾ ಹೋಗಿ, ಸಂಖ್ಯೆ ಇಳಿದ ಕಡೆ ನಿಲ್ಲಿಸಿ.